ಒಂದೇ ಮಗು, ಹಲವು ಆಸ್ಪತ್ರೆ, ಹಲವು ಇಲಾಖೆ: ಮಕ್ಕಳ ಮಾನಸಿಕ ಆರೋಗ್ಯ ಸೇವೆಗಳನ್ನು ಜೋಡಿಸಿಕೊಳ್ಳುವುದು ಹೇಗೆ?

ಮಗುವಿಗೆ ಆಗಾಗ ಫಿಟ್ಸ್ ಬರುತ್ತದೆ, ಕಲಿಕೆಯಲ್ಲಿ ಹಿಂದಿದೆ, ಸಿಟ್ಟು ಬಂದಾಗ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತದೆ. ಶಾಲೆಯವರು ಕಳುಹಿಸಬೇಡಿ ಎನ್ನುತ್ತಿದ್ದಾರೆ, ಮಗುವನ್ನು ನೋಡಿಕೊಳ್ಳುವ ತಾಯಿಗೆ ರಾತ್ರಿ ನಿದ್ರೆಯಿಲ್ಲ. ಮೊದಲು ಯಾರ ಬಳಿ ಹೋಗಬೇಕು? ವಿವರಗಳು ಬೇರೆಯಾದರೂ ಈ ಪ್ರಶ್ನೆ ಓದುಗರಿಂದ ಪದೇ ಪದೇ ಬರುತ್ತಿರುವುದರಿಂದ ಅದಕ್ಕೆ ಒಂದೇ ಕಡೆ ವಿವರವಾಗಿ ಉತ್ತರಿಸುವುದು ಸೂಕ್ತವೆನಿಸಿತು.

ಮೊದಲು ಯಾರ ಬಳಿ ಹೋದಿರಿ ಎಂಬುದಕ್ಕಿಂತ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತಿದೆಯೇ ಎಂಬುದೇ ಇಲ್ಲಿ ಮುಖ್ಯ. ಫಿಟ್ಸ್‌ಗೆ ನರರೋಗ ತಜ್ಞರು, ವರ್ತನೆಗೆ ಮನೋವೈದ್ಯರು, ಮಾತಿಗೆ ವಾಕ್ ತಜ್ಞರು ಇದ್ದಾರೆ. ಶಾಲೆ ಶಿಕ್ಷಣ ಇಲಾಖೆಗೆ ಸೇರಿದ್ದು, ಮಾಸಾಶನ ಕಂದಾಯ ಇಲಾಖೆಯದು, ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಇಲಾಖೆಯವರು. ಇವರೆಲ್ಲರ ನಡುವೆ ನಿಂತು ನಿಮ್ಮ ಮಗುವಿನ ವಿಷಯವನ್ನು ಇಡಿಯಾಗಿ ನೋಡುವ ಹುದ್ದೆ ನಮ್ಮ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಇಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ವ್ಯವಸ್ಥೆ ಸುಧಾರಿಸುವವರೆಗೆ ಮಗು ಕಾಯಲಾರದು, ಆದ್ದರಿಂದ ಜೋಡಿಸುವ ಕೆಲಸವನ್ನು ಕುಟುಂಬವೇ ಕಲಿತುಕೊಳ್ಳಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಕರ್ನಾಟಕದಲ್ಲಿರುವ ಸೌಲಭ್ಯಗಳನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ.

ಹಂತಗಳಿಗೆ ಹೋಗುವ ಮುನ್ನ ಯಾರು ಯಾರೆಂದು ತಿಳಿದಿರಲಿ. ಮನೋವೈದ್ಯರು ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರ ಓದಿದ ವೈದ್ಯರು, ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಬುದ್ಧಿಮತ್ತೆ ಮತ್ತು ಕಲಿಕೆಯ ಪರೀಕ್ಷೆಗಳನ್ನೂ ಮಾತು ಹಾಗೂ ವರ್ತನೆಯ ಮೂಲಕ ನಡೆಯುವ ಚಿಕಿತ್ಸೆಯನ್ನೂ ನಡೆಸುತ್ತಾರೆ, ಔಷಧಿ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆಕ್ಯುಪೇಷನಲ್ ಥೆರಪಿಸ್ಟ್ ಎಂದರೆ ಊಟ, ಬಟ್ಟೆ, ಬರವಣಿಗೆ, ಆಟದಂಥ ದಿನನಿತ್ಯದ ಕೆಲಸಗಳಲ್ಲಿ ಮಗುವಿಗೆ ತರಬೇತಿ ಕೊಡುವವರು. ಇನ್ನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬದ ಸ್ಥಿತಿ, ಹಣಕಾಸು, ಶಾಲೆ ಮತ್ತು ಸರ್ಕಾರಿ ಸೌಲಭ್ಯಗಳ ಕಡೆಯಿಂದ ಸಮಸ್ಯೆಯನ್ನು ನೋಡುತ್ತಾರೆ. ಹೆಚ್ಚಿನ ಕುಟುಂಬಗಳು ಇವರನ್ನು ಕೇಳಿಕೊಂಡು ಹೋಗುವುದೇ ಇಲ್ಲ. ಜೋಡಿಸುವ ಕೆಲಸದಲ್ಲಿ ನಿಮಗೆ ಎಲ್ಲರಿಗಿಂತ ಹೆಚ್ಚು ನೆರವಾಗಬಲ್ಲವರು ಇವರೇ.

ಹಂತ 1: ಮೊದಲು ಅಪಾಯವಿದೆಯೇ ನೋಡಿ

ಕೆಲವು ಸಂದರ್ಭಗಳಲ್ಲಿ ಯೋಜನೆ ಹಾಕುತ್ತ ಕೂರಬಾರದು. ಫಿಟ್ಸ್ ಐದು ನಿಮಿಷ ದಾಟಿದರೆ ಅಥವಾ ಎಚ್ಚರ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಮಗು ಸಾಯುವ ಮಾತನಾಡುತ್ತಿದ್ದರೆ, ತನ್ನನ್ನು ಗಾಯಗೊಳಿಸಿಕೊಂಡಿದ್ದರೆ, ದಿನಗಟ್ಟಲೆ ಊಟ ನಿದ್ರೆ ಬಿಟ್ಟಿದ್ದರೆ, ಇದ್ದಕ್ಕಿದ್ದಂತೆ ಯಾರನ್ನೂ ಗುರುತಿಸದಂತಾದರೆ ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ತೊಂದರೆಗೆ ಸಂಬಂಧಿಸಿದಂತೆ ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಕರೆ ಉಚಿತ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

"ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ಮಗುವನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬಹಳ ಜನರಿಗಿದೆ. ಅದು ನಿಜವಲ್ಲ. ಶಾಂತವಾಗಿ ಕೇಳಿದರೆ ಮಗು ಎದೆಯ ಭಾರವನ್ನು ಹೇಳಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹೊಲ ಮನೆ ಇರುವವರು ಕೀಟನಾಶಕ, ಕಳೆನಾಶಕಗಳನ್ನು ಇವತ್ತೇ ಬೀಗ ಹಾಕಿದ ಪೆಟ್ಟಿಗೆಗೆ ಸೇರಿಸಿ, ಬೀಗದ ಕೈಯನ್ನು ಹಿರಿಯರೊಬ್ಬರು ಇಟ್ಟುಕೊಳ್ಳಲಿ. ಮಾತ್ರೆಗಳಿಗೂ ಇದೇ ನಿಯಮ. ಒಂದು ಕ್ಷಣದ ಆವೇಗದಲ್ಲಿ ಕೈಗೆ ವಿಷ ಸಿಗದಿರುವುದೇ ಅನೇಕ ಹರೆಯದ ಜೀವಗಳನ್ನು ಉಳಿಸುತ್ತದೆ.

ಆತ್ಮಹತ್ಯೆಗೆ ಯತ್ನಿಸಿದರೆ ಪೊಲೀಸ್ ಕೇಸ್ ಆದೀತೆಂದು ಆಸ್ಪತ್ರೆಗೆ ಹೋಗದೆ ಉಳಿಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಲೈಂಗಿಕ ದೌರ್ಜನ್ಯದ ವಿಷಯ ಬೇರೆ. 2012ರ ಪೋಕ್ಸೋ ಕಾಯ್ದೆಯಡಿ ವಿಷಯ ತಿಳಿದ ಯಾರೇ ಆಗಲಿ, ವೈದ್ಯರೂ ಆಪ್ತಸಮಾಲೋಚಕರೂ ಸೇರಿ, ಪೊಲೀಸರಿಗೆ ಇಲ್ಲವೇ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಗುಟ್ಟಾಗಿಡಿ ಎಂದು ಅವರನ್ನು ಬೇಡಿಕೊಂಡರೆ ಅವರಿಗೂ ನಿಮಗೂ ತೊಂದರೆಯಾಗುತ್ತದೆ. ಹಾಗೆಂದು ದೂರು ದಾಖಲಾಗಿಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ ನಿರಾಕರಿಸುವಂತಿಲ್ಲ.

ಹಂತ 2: ಒಂದು ಕಡತ, ಅದರ ಮೇಲೆ ಒಂದು ಪುಟ

ಹೊಸ ವೈದ್ಯರ ಮುಂದೆ ಕುಳಿತಾಗ ನಿಮಗೆ ಸಿಗುವ ಸಮಯ ಕಡಿಮೆ. ಅದರಲ್ಲಿ ಹತ್ತು ವರ್ಷದ ಕಥೆ ಹೇಳಲು ಹೊರಟರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಆದ್ದರಿಂದ ಗಟ್ಟಿ ರಟ್ಟಿನ ಒಂದು ಫೈಲ್ ತೆಗೆದುಕೊಂಡು ಎಲ್ಲ ಚೀಟಿ, ವರದಿ, ಡಿಸ್ಚಾರ್ಜ್ ಸಮ್ಮರಿಗಳನ್ನು ದಿನಾಂಕದ ಕ್ರಮದಲ್ಲಿ, ಹೊಸದು ಮೇಲೆ ಬರುವಂತೆ ಜೋಡಿಸಿ. ಡಿಸ್ಚಾರ್ಜ್ ಸಮ್ಮರಿ ಎಂದರೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ, ರೋಗನಿರ್ಣಯ ಮತ್ತು ಚಿಕಿತ್ಸೆಯ ಸಾರಾಂಶವಿರುವ ಪತ್ರ. ಇಡೀ ಫೈಲಿನಲ್ಲಿ ಅತಿ ಬೆಲೆಯುಳ್ಳ ಕಾಗದ ಅದು.

ಫೈಲಿನ ಮೇಲ್ಭಾಗದಲ್ಲಿ ನೀವೇ ಬರೆದ ಒಂದು ಪುಟವಿರಲಿ. ಮಗುವಿನ ಹೆಸರು, ಜನ್ಮದಿನಾಂಕ. ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆಯಾಗಿತ್ತೇ, ಐ.ಸಿ.ಯು.ನಲ್ಲಿತ್ತೇ (ತಾಯಿ ಕಾರ್ಡ್ ನೋಡಿ ಬರೆಯಿರಿ). ಕತ್ತು ನಿಂತದ್ದು, ನಡೆದದ್ದು, ಮೊದಲ ಮಾತು ಆಡಿದ್ದು ಯಾವಾಗ. ಫಿಟ್ಸ್ ಮೊದಲು ಬಂದದ್ದು ಮತ್ತು ಕೊನೆಯದಾಗಿ ಬಂದದ್ದು. ಈಗ ನಡೆಯುತ್ತಿರುವ ಔಷಧಿಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಯಾವ ಔಷಧಿಯಿಂದ ಹಿಂದೆ ತೊಂದರೆಯಾಗಿತ್ತು. ಮಗುವನ್ನು ಕೆರಳಿಸುವುದು ಏನು, ಸಮಾಧಾನ ಮಾಡುವುದು ಏನು. ಕೊನೆಯಲ್ಲಿ ಮನೆಯವರನ್ನು ಅತಿ ಹೆಚ್ಚು ಕಾಡುವ ಮೂರು ಸಂಗತಿಗಳನ್ನು ಮುಖ್ಯವಾದದ್ದು ಮೊದಲು ಬರುವಂತೆ ಬರೆಯಿರಿ. ಭಾಷೆ ಕನ್ನಡವೇ ಇರಲಿ, ಔಷಧಿಯ ಹೆಸರನ್ನು ಮಾತ್ರ ಅದರ ಪೊಟ್ಟಣದ ಮೇಲಿದ್ದಂತೆ ನೋಡಿ ಬರೆಯಿರಿ.

ಮೂಲ ಪ್ರತಿಯನ್ನು ಯಾರಿಗೂ ಕೊಟ್ಟುಬರಬೇಡಿ, ಜೆರಾಕ್ಸ್ ಕೊಡಿ. ಪ್ರತಿ ಕಾಗದದ ಫೋಟೊ ಫೋನಿನಲ್ಲಿರಲಿ. ಫಿಟ್ಸ್ ಅಥವಾ ವಿಚಿತ್ರ ವರ್ತನೆಯ ಚಿಕ್ಕ ವಿಡಿಯೊ ವೈದ್ಯರಿಗೆ ಬಹಳ ಉಪಯುಕ್ತ, ಆದರೆ ಅದು ವೈದ್ಯರಿಗೆ ತೋರಿಸಲು ಮಾತ್ರ. ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮಗುವಿನ ಮಾನವನ್ನು ನೀವೇ ಬೀದಿಗಿಟ್ಟಂತಾಗುತ್ತದೆ. ಹಳೆಯ ದಾಖಲೆ ಕಳೆದುಹೋಗಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಬರವಣಿಗೆಯಲ್ಲಿ ಕೇಳಿ. ಮಾನಸಿಕ ಚಿಕಿತ್ಸೆಯ ಪ್ರಾಥಮಿಕ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ.

ಹಂತ 3: ಜೋಡಿಸುವವರು ಯಾರೆಂದು ಹೆಸರಿಟ್ಟು ನಿರ್ಧರಿಸಿ

ಮನೆಯಲ್ಲಿ ಯಾರೂ ನಿರ್ಧರಿಸದಿದ್ದರೆ ಈ ಕೆಲಸ ತಾನಾಗಿಯೇ ತಾಯಿಯ ತಲೆಯ ಮೇಲೆ ಬೀಳುತ್ತದೆ. ಮಗುವಿಗೆ ಉಣಿಸುವವಳೂ ಅವಳೇ, ಬಸ್ಸಿನಲ್ಲಿ ಎತ್ತಿಕೊಂಡು ಹೋಗುವವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ. ಅದರ ಮೇಲೆ ಅಪಾಯಿಂಟ್‌ಮೆಂಟು, ಅರ್ಜಿ, ಫೋನುಗಳನ್ನೂ ಹೊರಿಸಿದರೆ ಕೆಲವೇ ತಿಂಗಳಲ್ಲಿ ಅವಳು ಕುಸಿಯುತ್ತಾಳೆ, ಅವಳೊಂದಿಗೆ ಇಡೀ ಏರ್ಪಾಡೇ ನಿಲ್ಲುತ್ತದೆ. ಸೋದರಮಾವ, ಚಿಕ್ಕಮ್ಮ, ಓದಿಕೊಂಡ ದೊಡ್ಡಪ್ಪನ ಮಗಳು, ನಿವೃತ್ತ ಮೇಷ್ಟ್ರಾದ ಅಜ್ಜ, ಹೀಗೆ ಫೋನಿನಲ್ಲಿ ಮಾತನಾಡಬಲ್ಲ, ಕಾಗದ ಪತ್ರ ನೋಡಬಲ್ಲ, ಮನೆಯವರು ಮಾತು ಕೇಳುವಂಥ ಒಬ್ಬರನ್ನು ಆರಿಸಿ. ಫೈಲ್ ಅವರ ಬಳಿ ಇರಲಿ. ತಂದೆಯಾದವರು ಕನಿಷ್ಠ ಕೆಲವು ಭೇಟಿಗಳಿಗಾದರೂ ಆಸ್ಪತ್ರೆಗೆ ಬರಲೇಬೇಕು. ವೈದ್ಯರು ಹೇಳಿದ್ದನ್ನು ತಾಯಿ ಮನೆಗೆ ಬಂದು ಹೇಳಿದಾಗ ಆ ಮಾತಿಗೆ ತೂಕ ಸಿಗದ ಮನೆಗಳು ನಮ್ಮಲ್ಲಿ ಬಹಳ.

ಆಸ್ಪತ್ರೆಯ ಕಡೆಯಿಂದಲೂ ಒಬ್ಬರು ಬೇಕು. "ನಮ್ಮ ಮಗುವಿನ ಚಿಕಿತ್ಸೆಯ ಮುಖ್ಯ ಹೊಣೆ ಯಾರದು? ಸಂದೇಹ ಬಂದರೆ ಯಾರನ್ನು ಕೇಳಬೇಕು?" ಎಂದು ಸ್ಪಷ್ಟವಾಗಿ ಕೇಳಿ, ಹೆಸರು ಬರೆದುಕೊಳ್ಳಿ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯವಾದ್ದರಿಂದ ಅವರು ತಾವಾಗಿ ಶಾಲೆಯವರೊಂದಿಗೆ ಮಾತನಾಡಲಾರರು. "ನಮ್ಮ ಮಗುವಿನ ಕಲಿಕೆ ಮತ್ತು ವರ್ತನೆಗೆ ಸಂಬಂಧಿಸಿದ ಮಾಹಿತಿಯನ್ನು ಇಂಥ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಹಂಚಿಕೊಳ್ಳಲು ಒಪ್ಪಿದ್ದೇವೆ" ಎಂಬ ಸಹಿ ಮಾಡಿದ ಚೀಟಿ ಫೈಲಿನಲ್ಲಿದ್ದರೆ ಈ ಅಡ್ಡಿ ಇರುವುದಿಲ್ಲ. ಏನನ್ನು ಹಂಚಿಕೊಳ್ಳಬಾರದು ಎಂಬುದನ್ನೂ ಅದರಲ್ಲೇ ಬರೆಯಬಹುದು. ಹರೆಯದ ಮಗುವಾದರೆ ಅದರ ಅಭಿಪ್ರಾಯವನ್ನೂ ಕೇಳಿ.

ಹಂತ 4: ಸರಿಯಾದ ಬಾಗಿಲಿನಿಂದ ಒಳಗೆ ಹೋಗಿ

ಆರು ವರ್ಷದೊಳಗಿನ ಮಗುವಾದರೆ ಅಂಗನವಾಡಿಯಿಂದ ಆರಂಭಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್.ಬಿ.ಎಸ್.ಕೆ.ಯ ತಂಡ ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ, ಬೆಳವಣಿಗೆಯ ಕುಂಠಿತವೂ ಅದರಲ್ಲಿ ಸೇರಿದೆ. ಆ ತಂಡ ಬರೆದುಕೊಡುವ ರೆಫರಲ್ ಚೀಟಿ ಹಿಡಿದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋದರೆ ಮಕ್ಕಳ ತಜ್ಞರು, ವಾಕ್ ತಜ್ಞರು, ಥೆರಪಿ ಮಾಡುವವರು ಒಂದೇ ಸೂರಿನಡಿ ಸಿಗಬೇಕೆಂಬುದು ಆ ಕೇಂದ್ರದ ಉದ್ದೇಶ. ಎಲ್ಲ ಹುದ್ದೆಗಳೂ ತುಂಬಿವೆಯೇ ಎಂದು ಮುಂಚೆ ವಿಚಾರಿಸಿಕೊಂಡು ಹೊರಡಿ.

ಮಾನಸಿಕ ಆರೋಗ್ಯಕ್ಕೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವಾಗಿ ನಡೆಸಿದ ಮಾದರಿಯೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ನಮ್ಮ ನೆಲದಲ್ಲೇ ರೂಪುಗೊಂಡ ಈ ಸೇವೆಯನ್ನು ನಮ್ಮವರೇ ಬಳಸದೆ ಬೆಂಗಳೂರಿನ ಬಸ್ಸು ಹತ್ತುವುದು ನೋವಿನ ಸಂಗತಿ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಭೇಟಿ ಇರುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ ತಿಳಿದುಕೊಳ್ಳಿ. ಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ.

ಜಿಲ್ಲೆಯಲ್ಲಿ ಆಗದ್ದಕ್ಕೆ ದೊಡ್ಡ ಸಂಸ್ಥೆಗಳಿವೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮಾತು ಮತ್ತು ಕೇಳುವಿಕೆಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಕ್ಕಳ ದೇಹದ ಕಾಯಿಲೆಗಳಿಗೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ದೂರದಿಂದ ಹೋಗುವವರು ಬಿ.ಪಿ.ಎಲ್. ಕಾರ್ಡ್, ಆಧಾರ್, ಜಿಲ್ಲೆಯ ವೈದ್ಯರ ರೆಫರಲ್ ಪತ್ರ, ನಾಲ್ಕಾರು ದಿನಕ್ಕೆ ಸಾಲುವಷ್ಟು ಔಷಧಿ, ಮಗುವಿಗೆ ಒಗ್ಗಿದ ಹೊದಿಕೆ ಆಟಿಕೆ ಒಯ್ಯಿರಿ. ಪೂರ್ತಿ ತಪಾಸಣೆ ಒಂದೇ ದಿನದಲ್ಲಿ ಮುಗಿಯದಿರಬಹುದು, ಉಳಿದುಕೊಳ್ಳುವ ಏರ್ಪಾಡು ಮಾಡಿಕೊಂಡೇ ಹೋಗಿ. ಹಿಂದಿರುಗುವಾಗ ಮರೆಯಬಾರದ ಕೆಲಸವೆಂದರೆ ನಿಮ್ಮ ಜಿಲ್ಲೆಯ ವೈದ್ಯರಿಗೆ ಒಂದು ಪತ್ರ ಬರೆಸಿಕೊಳ್ಳುವುದು: ಫಾಲೋಅಪ್ ಎಲ್ಲಿ, ಯಾವ ಔಷಧಿಯನ್ನು ಅಲ್ಲೇ ಮುಂದುವರಿಸಬಹುದು, ಯಾವಾಗ ಮಾತ್ರ ಮತ್ತೆ ಬೆಂಗಳೂರಿಗೆ ಬರಬೇಕು. ಈ ಒಂದು ಪತ್ರವಿಲ್ಲದೆ ಬೀದರಿನ ಕುಟುಂಬವೊಂದು ಬರೀ ಮಾತ್ರೆ ಬರೆಸಿಕೊಳ್ಳಲು ರಾಜ್ಯದ ಈ ತುದಿಯಿಂದ ಆ ತುದಿಗೆ ಬರಬೇಕಾಗುತ್ತದೆ.

ಈ ಹಂತದಲ್ಲಿ ಕುಟುಂಬಗಳು ಎಡವುವ ಜಾಗಗಳು ಕೆಲವಿವೆ. ಹೊಸ ವೈದ್ಯರ ಬಳಿ ಹೋದಾಗ ಹಳೆಯವರ ಚೀಟಿಗಳನ್ನು ಬಚ್ಚಿಟ್ಟರೆ ಅದೇ ಪರೀಕ್ಷೆ, ಅದೇ ಖರ್ಚು ಮರುಕಳಿಸುತ್ತದೆ. ಬುದ್ಧಿಮತ್ತೆಯ ಪರೀಕ್ಷೆಯನ್ನು ಬೆನ್ನುಬೆನ್ನಿಗೆ ಮಾಡಿಸಿದರೆ ಮಗುವಿಗೆ ಪ್ರಶ್ನೆಗಳು ಪರಿಚಿತವಾಗಿ ಅಂಕ ನಂಬಲಾಗದಂತಾಗುತ್ತದೆ. ಆಟಿಸಂ (ಮಾತು, ಇತರರೊಂದಿಗೆ ಬೆರೆಯುವಿಕೆ ಮತ್ತು ವರ್ತನೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಗುಣವಾಗುತ್ತದೆಂದು ಹೇಳಿ ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಅದನ್ನು ಆಟಿಸಂಗೆ ಚಿಕಿತ್ಸೆಯೆಂದು ಒಪ್ಪಿಲ್ಲ. ಹೊಲ ಮಾರಿ ಆ ಹಣ ಕಟ್ಟಬೇಡಿ. ದೇವರಿಗೆ ಹರಕೆ ಹೊರುವುದು, ತಾಯಿತ ಕಟ್ಟಿಸುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು, ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಬೇಡವೆನ್ನುವುದಿಲ್ಲ. ಆದರೆ ಅದಕ್ಕಾಗಿ ಔಷಧಿ ನಿಲ್ಲಿಸುವುದು, ಮಗುವಿಗೆ ಬರೆ ಹಾಕಿಸುವುದು, ಕಟ್ಟಿಹಾಕುವುದು ಖಂಡಿತ ಕೂಡದು.

ಹಂತ 5: ಔಷಧಿಗಳ ಲೆಕ್ಕ ಒಬ್ಬರ ಕೈಯಲ್ಲಿರಲಿ

ಇಬ್ಬರು ಮೂವರು ವೈದ್ಯರು ಔಷಧಿ ಬರೆಯುತ್ತಿದ್ದರೆ ಒಂದರ ಪರಿಣಾಮವನ್ನು ಇನ್ನೊಂದು ಹೆಚ್ಚಿಸುವ ಅಥವಾ ಕುಗ್ಗಿಸುವ ಸಾಧ್ಯತೆಯಿದೆ. ಕೆಲವು ಫಿಟ್ಸ್ ಔಷಧಿಗಳು ಮನೋವೈದ್ಯರು ಬರೆದ ಮಾತ್ರೆಯ ಬಲವನ್ನು ಇಳಿಸುತ್ತವೆ. ಆದ್ದರಿಂದ ಎಲ್ಲ ಔಷಧಿಗಳ ಪಟ್ಟಿಯನ್ನೂ ಪ್ರತಿ ಭೇಟಿಯಲ್ಲೂ ತೋರಿಸಿ, "ಇವೆಲ್ಲ ಒಟ್ಟಿಗೆ ನಡೆಯಬಹುದೇ?" ಎಂದು ಬಾಯಿಬಿಟ್ಟು ಕೇಳಿ. ಬದಲಾವಣೆಯಾದ ದಿನಾಂಕವನ್ನು ಅದೇ ಪಟ್ಟಿಯಲ್ಲಿ ಬರೆಯಿರಿ. ಆಯುರ್ವೇದ ಅಥವಾ ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ಹೇಳಿ.

ಫಿಟ್ಸ್ ನಿಂತಿತೆಂದು ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ, ಪ್ರಾಣಕ್ಕೆ ಎರವಾಗುವ ಫಿಟ್ಸ್ ಶುರುವಾಗಬಹುದು. ಖಿನ್ನತೆಯ ಔಷಧಿ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಹರೆಯದವರಲ್ಲಿ ಚಡಪಡಿಕೆ ಅಥವಾ ಸಾಯುವ ಯೋಚನೆ ಕಾಣಿಸಿಕೊಳ್ಳುವ ಸಂಭವವಿದೆ, ಆ ವಾರಗಳಲ್ಲಿ ಕಣ್ಣಿಟ್ಟಿರಿ. ಮೈನೆರೆದ ಹುಡುಗಿಗೆ ವ್ಯಾಲ್ಪ್ರೊಯೇಟ್ ಎಂಬ ಔಷಧಿ ನಡೆಯುತ್ತಿದ್ದರೆ, ಮುಂದೆ ಗರ್ಭದಲ್ಲಿರುವ ಶಿಶುವಿಗೆ ಅದರಿಂದ ಆಗಬಹುದಾದ ತೊಂದರೆಯ ಬಗ್ಗೆ ವೈದ್ಯರೊಂದಿಗೆ ಈಗಲೇ ಮಾತನಾಡಿ, ನೀವಾಗಿ ನಿಲ್ಲಿಸಬೇಡಿ. ಅತಿಚಟುವಟಿಕೆಗೆ ಬರೆಯುವ ಮಿಥೈಲ್‌ಫೆನಿಡೇಟ್ ಬಿಗಿಯಾದ ಕಾನೂನು ನಿಯಂತ್ರಣದಲ್ಲಿರುವುದರಿಂದ ಎಲ್ಲ ಮೆಡಿಕಲ್ ಸ್ಟೋರ್‌ಗಳಲ್ಲೂ ಸಿಗುವುದಿಲ್ಲ, ನಿಮ್ಮ ಊರ ಹತ್ತಿರ ಎಲ್ಲಿ ಸಿಗುತ್ತದೆಂದು ಬರೆದ ವೈದ್ಯರನ್ನೇ ಕೇಳಿಕೊಂಡು ಹೊರಡಿ.

ಹಂತ 6: ಶಾಲೆಯನ್ನು ಚಿಕಿತ್ಸೆಯ ಭಾಗವಾಗಿಸಿ

ಮಗು ದಿನದ ಬಹುಪಾಲು ಎಚ್ಚರದ ಹೊತ್ತನ್ನು ಕಳೆಯುವುದು ಶಾಲೆಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆಯಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ, ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲು ಆಗದಷ್ಟು ತೀವ್ರ ತೊಂದರೆಯಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಆದರೆ ಬರಬಲ್ಲ ಮಗುವನ್ನು ಮನೆಯಲ್ಲೇ ಕೂರಿಸಲು ಈ ವ್ಯವಸ್ಥೆ ನೆಪವಾಗಬಾರದು.

ತರಗತಿಯ ಶಿಕ್ಷಕರಿಗೆ ರೋಗದ ಇತಿಹಾಸವೆಲ್ಲ ಬೇಕಿಲ್ಲ. ಮುಂದಿನ ಬೆಂಚಿನಲ್ಲಿ ಕೂರಿಸಿ, ಒಮ್ಮೆಗೆ ಒಂದೇ ಸೂಚನೆ ಕೊಡಿ, ಗದ್ದಲ ಹೆಚ್ಚಾದರೆ ಸ್ವಲ್ಪ ಹೊತ್ತು ಹೊರಗೆ ಬಿಡಿ, ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ತುರುಕದೆ ಮಗ್ಗುಲಾಗಿ ಮಲಗಿಸಿ, ಹೀಗೆ ಮಾಡಬೇಕಾದದ್ದನ್ನಷ್ಟೇ ಬರೆದುಕೊಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆಂಬುದು ಸುಳ್ಳು ಎಂದೂ ತಿಳಿಸಿ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. "ಟಿ.ಸಿ. ತೆಗೆದುಕೊಂಡು ಹೋಗಿ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಡದೆ, ಕಾರಣವನ್ನು ಬರವಣಿಗೆಯಲ್ಲಿ ಕೊಡುವಂತೆ ವಿನಂತಿಸಿ. ಬಹಳಷ್ಟು ಸಲ ಮಾತು ಅಲ್ಲಿಗೇ ನಿಲ್ಲುತ್ತದೆ, ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿಗಳಿಗೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮುಖ್ಯೋಪಾಧ್ಯಾಯರ ಮೂಲಕವೇ ಕೋರಬೇಕು. ಒಂಬತ್ತನೇ ತರಗತಿಯಲ್ಲೇ ಕಾಗದಗಳನ್ನು ಸಿದ್ಧ ಮಾಡಿಕೊಳ್ಳಿ.

ಹಂತ 7: ಪ್ರಮಾಣಪತ್ರ ಮತ್ತು ಸೌಲಭ್ಯ

2016ರ ಕಾಯ್ದೆ ಗುರುತಿಸಿರುವ 21 ವಿಕಲತೆಗಳಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವಿಕಲತೆ ಎಲ್ಲವೂ ಇವೆ. ಯು.ಡಿ.ಐ.ಡಿ. ಕಾರ್ಡ್ ಎಂದರೆ ದೇಶದಾದ್ಯಂತ ಸಲ್ಲುವ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸೂಚಿಸಿದ ದಿನ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ, ದಲ್ಲಾಳಿಗೆ ಹಣ ಕೊಡಬೇಕಿಲ್ಲ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ತೊಡಕಾಗುವ ಸ್ಥಿತಿ), ಬೌದ್ಧಿಕ ಮತ್ತು ಬಹುವಿಧ ವಿಕಲತೆಯವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ.

ಚಿಕ್ಕ ಮಕ್ಕಳಿಗೆ ಕೊಡುವ ಪ್ರಮಾಣಪತ್ರ ಸಾಮಾನ್ಯವಾಗಿ ತಾತ್ಕಾಲಿಕ. ಅದರ ಮೇಲಿರುವ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಕಟ್ಟಿದಂತೆ, ಅಕ್ಕನ ಮದುವೆಗೆ ತೊಂದರೆ ಎಂದು ಹಿಂಜರಿಯುವವರ ಅಳಲು ನನಗೆ ಅರ್ಥವಾಗುತ್ತದೆ. ಆದರೆ ಆ ಕಾಗದ ನಿಮ್ಮ ಫೈಲಿನಲ್ಲಿರುತ್ತದೆಯೇ ಹೊರತು ಮನೆಯ ಬಾಗಿಲ ಮೇಲಲ್ಲ, ಯಾವ ಸೌಲಭ್ಯಕ್ಕೆ ಬಳಸಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಹಂತ 8: ಮನೆಯವರ ಆರೋಗ್ಯವೂ ಇದೇ ಯೋಜನೆಯಲ್ಲಿರಲಿ

ತಾಯಿಗೆ ಖಿನ್ನತೆ, ತಂದೆಗೆ ಕುಡಿತ, ತಂಗಿಗೆ ಶಾಲೆಗೆ ಹೋಗಲು ಮನಸ್ಸಿಲ್ಲ. ಇವು ಬೇರೆ ಬೇರೆ ಸಮಸ್ಯೆಗಳೆಂದು ನೋಡಿದರೆ ಮಗುವಿನ ಚಿಕಿತ್ಸೆಯೂ ಫಲಿಸುವುದಿಲ್ಲ. ಮನೆಯಲ್ಲಿ ನಿತ್ಯ ಜಗಳವಿದ್ದರೆ ಎಂಥ ಥೆರಪಿ ಕಲಿಸಿದ್ದೂ ಸಂಜೆಯ ಹೊತ್ತಿಗೆ ಅಳಿಸಿಹೋಗುತ್ತದೆ. ಮಗುವಿನ ಫಾಲೋಅಪ್‌ಗೆ ಹೋದ ದಿನವೇ ತಾಯಿಯೂ ಅದೇ ಓಪಿಡಿಯಲ್ಲಿ ತನ್ನ ಹೆಸರಿನ ಚೀಟಿ ಮಾಡಿಸಲಿ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ 2023ರಿಂದ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ಅವಳ ಬಸ್ಸಿನ ಖರ್ಚಿನ ಚಿಂತೆ ತಪ್ಪಿದೆ.

ಕುಡಿತದ ಚಟಕ್ಕೂ ಮನೋವೈದ್ಯಕೀಯ ವಿಭಾಗದಲ್ಲೇ ಚಿಕಿತ್ಸೆ ಸಿಗುತ್ತದೆ. ದಿನವೂ ಹೆಚ್ಚು ಕುಡಿಯುವವರು ಆಣೆ ಮಾಡಿಸಿಕೊಂಡು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬಂದು ಅಪಾಯವಾಗಬಹುದು, ವೈದ್ಯರ ನಿಗಾದಲ್ಲಿ ಬಿಡಿಸುವುದೇ ಕ್ಷೇಮ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಒಡಹುಟ್ಟಿದವರನ್ನು ಎಲ್ಲರೂ ಮರೆಯುತ್ತಾರೆ. ಅಣ್ಣನಿಗೆ ಏನಾಗಿದೆಯೆಂದು ಆ ಮಗುವಿಗೆ ಅದರ ವಯಸ್ಸಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಅದು ತನ್ನ ತಪ್ಪಿನಿಂದ ಬಂದದ್ದಲ್ಲ, ತನಗೆ ಅಂಟುವುದೂ ಇಲ್ಲ ಎಂದು ಅದಕ್ಕೆ ಗೊತ್ತಾಗಬೇಕು. ವಾರದಲ್ಲಿ ಒಂದಿಷ್ಟು ಹೊತ್ತು ಅದಕ್ಕಾಗಿಯೇ ಮೀಸಲಿರಲಿ.

ಹಂತ 9: ಎಲ್ಲರನ್ನೂ ಒಮ್ಮೆ ಒಟ್ಟಿಗೆ ಕೂರಿಸಿ

ಮೇಲಿನ ಎಲ್ಲ ಹಂತಗಳೂ ಈ ಒಂದು ಸಭೆಗಾಗಿ. ವೈದ್ಯರು, ಮನೋವಿಜ್ಞಾನಿ, ಸಮಾಜ ಕಾರ್ಯಕರ್ತರು, ಶಾಲೆಯ ಒಬ್ಬರು, ಪುನರ್ವಸತಿ ಕಾರ್ಯಕರ್ತರು ಮತ್ತು ಕುಟುಂಬ ಅರ್ಧ ಗಂಟೆ ಒಟ್ಟಿಗೆ ಕೂತರೆ ತಿಂಗಳುಗಳ ಓಡಾಟ ಉಳಿಯುತ್ತದೆ. ಎಲ್ಲರೂ ಒಂದೇ ಕೋಣೆಗೆ ಬರುವುದು ವಿರಳ, ಕೆಲವರು ಫೋನಿನಲ್ಲಿ ಸೇರಿಕೊಳ್ಳಲಿ. ಅದೂ ಆಗದಿದ್ದರೆ ಸಮಾಜ ಕಾರ್ಯಕರ್ತರ ಮೂಲಕ ಒಬ್ಬೊಬ್ಬರ ಅಭಿಪ್ರಾಯವನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ.

ಸಭೆಯಲ್ಲಿ ಮೂರಕ್ಕಿಂತ ಹೆಚ್ಚು ಗುರಿ ಇಟ್ಟುಕೊಳ್ಳಬೇಡಿ. "ಮಗು ಸುಧಾರಿಸಬೇಕು" ಎಂಬುದು ಆಸೆ. "ವಾರಕ್ಕೆ ನಾಲ್ಕು ದಿನ ಮಧ್ಯಾಹ್ನದವರೆಗೆ ಶಾಲೆಯಲ್ಲಿರಬೇಕು", "ಅಂಗಿಯನ್ನು ತಾನೇ ಹಾಕಿಕೊಳ್ಳಬೇಕು", "ತಾಯಿ ರಾತ್ರಿ ಆರು ಗಂಟೆ ನಿದ್ರೆ ಮಾಡಬೇಕು" ಎಂಬುವು ಗುರಿಗಳು. ಪ್ರತಿ ಗುರಿಯ ಮುಂದೆ ಯಾರು ಏನು ಮಾಡಬೇಕು, ಯಾವ ದಿನಾಂಕದೊಳಗೆ ಎಂದು ಬರೆದು, ಎಲ್ಲರಿಗೂ ಒಂದು ಪ್ರತಿ ಕೊಡಿ. ಮಗು ಸಿಟ್ಟಾದಾಗ ಒಬ್ಬರು ಗದರಿಸಿ ಎಂದೂ ಇನ್ನೊಬ್ಬರು ಕಡೆಗಣಿಸಿ ಎಂದೂ ಹೇಳಿದ್ದರೆ ಆ ಭಿನ್ನಾಭಿಪ್ರಾಯವನ್ನು ಅಲ್ಲೇ ಎತ್ತಿ. ಮನೆಗೆ ಬಂದ ಮೇಲೆ ಅದನ್ನು ಬಗೆಹರಿಸುವ ಹೊರೆ ನಿಮ್ಮದಾಗಬಾರದು. ಮಗು ಮಾತನಾಡಬಲ್ಲದಾದರೆ ಅದರ ಮಾತಿನಿಂದಲೇ ಸಭೆ ಆರಂಭವಾಗಲಿ. ಮೂರು ತಿಂಗಳಿಗೊಮ್ಮೆ ಹಾಳೆಯನ್ನು ತೆಗೆದು ನೋಡಿ, ಆಗದ ಗುರಿಯನ್ನು ಚಿಕ್ಕದು ಮಾಡಿ.

ಹಂತ 10: ಒಳರೋಗಿಯಾಗಿ ದಾಖಲಿಸಬೇಕಾದರೆ

2017ರ ಕಾಯ್ದೆಯ 87ನೇ ಸೆಕ್ಷನ್ ಅಪ್ರಾಪ್ತರ ದಾಖಲಾತಿಗೆ ಬಿಗಿ ನಿಯಮಗಳನ್ನಿಟ್ಟಿದೆ. ಪೋಷಕರ ಅರ್ಜಿ ಬೇಕು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಇಲ್ಲವೇ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಬೇಕು. ದೊಡ್ಡವರ ವಾರ್ಡಿನಲ್ಲಿ ಮಕ್ಕಳನ್ನು ಇಡುವಂತಿಲ್ಲ. ಪೋಷಕರು ಅಥವಾ ಅವರು ನೇಮಿಸಿದವರು ಇಡೀ ಅವಧಿ ಮಗುವಿನ ಜೊತೆಗಿರಬೇಕು, ಹೆಣ್ಣುಮಗುವಿನ ಪೋಷಕರು ಗಂಡಸಾಗಿದ್ದರೆ ಜೊತೆಗಿರಲು ಹೆಂಗಸೊಬ್ಬರನ್ನು ನೇಮಿಸಬೇಕು. ದಾಖಲಾತಿಯನ್ನು 72 ಗಂಟೆಯೊಳಗೆ, ರೋಗಿಗಳ ಹಕ್ಕುಗಳನ್ನು ಕಾಯಲು ಇದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪುನರ್ವಿಮರ್ಶೆ ಮಂಡಳಿಗೆ ತಿಳಿಸಬೇಕು. ನಿಮ್ಮ ಕಡೆಯಿಂದ ಬೇಕಾದ ತಯಾರಿಯೆಂದರೆ ಜೊತೆಗೆ ಯಾರಿರುತ್ತಾರೆ, ಮನೆಯ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸುವುದು. ಬಿಡುಗಡೆಯ ದಿನವೇ ಫಾಲೋಅಪ್ ದಿನಾಂಕ ಬರೆಸಿಕೊಂಡು, ಶಾಲೆಗೆ ಯಾವಾಗ ಹಿಂದಿರುಗಬಹುದೆಂದು ಕೇಳಿ ಬನ್ನಿ.

ಹಂತ 11: ಹದಿನೆಂಟು ತುಂಬುವ ಮೊದಲು

18 ತುಂಬಿದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಮಗ ಅಥವಾ ಮಗಳು ವಯಸ್ಕರು. ಮಕ್ಕಳ ವಿಭಾಗದ ಬಾಗಿಲು ಮುಚ್ಚುತ್ತದೆ, ಹೊಸ ವೈದ್ಯರು ಬರುತ್ತಾರೆ, ತಂದೆತಾಯಿಯ ಸಹಿ ತಾನಾಗಿ ಸಲ್ಲುವುದಿಲ್ಲ. ಆದ್ದರಿಂದ 16ನೇ ವಯಸ್ಸಿನಿಂದಲೇ ತಯಾರಿ ನಡೆಸಿ. ಮಾನಸಿಕ ಅಸ್ವಸ್ಥತೆಯಿದ್ದರೂ ತಿಳಿವಳಿಕೆಯುಳ್ಳ ಯುವಕ ಯುವತಿಯರು ತಮ್ಮ ಪರವಾಗಿ ಮಾತನಾಡುವ ನಾಮಾಂಕಿತ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳಬಹುದು. ಅವರೊಂದಿಗೆ ಈ ವಿಷಯವನ್ನು ಮಾತನಾಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವಿಕಲತೆಯಿದ್ದು ಸ್ವತಃ ನಿರ್ಧರಿಸಲಾಗದವರಿಗೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕತ್ವ ಪಡೆಯಬಹುದು. ನಮ್ಮ ನಂತರ ಯಾರು ಎಂಬ ಪ್ರಶ್ನೆಯನ್ನು ಮುಂದೂಡುತ್ತ ಬಂದ ಕುಟುಂಬಗಳೇ ಹೆಚ್ಚು. ಈ ಅರ್ಜಿಯ ಹೊತ್ತಿಗೆ ಅದನ್ನು ಬಂಧುಗಳ ಮುಂದಿಟ್ಟು, ಒಪ್ಪಿದವರ ಹೆಸರನ್ನು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಮಕ್ಕಳ ವೈದ್ಯರಿಂದ ಹೊಸ ವೈದ್ಯರಿಗೆ ಪೂರ್ತಿ ಸಾರಾಂಶದ ಪತ್ರ ಬರೆಸಿ ಫೈಲಿಗೆ ಸೇರಿಸಿ, ಸಾಧ್ಯವಾದರೆ ಮೊದಲ ಒಂದೆರಡು ಭೇಟಿಗಳನ್ನು ಇಬ್ಬರ ಬಳಿಯೂ ಇಟ್ಟುಕೊಳ್ಳಿ.